ಹತ್ತು ಗಂಟೆಯ ನೀರು

ನಮ್ಮ ಲ್ಯಾಬಿನ ಬಾಗಿಲಿಗೆ ನಾನೊಂದು ಹಾಳೆ ಅಂಟಿಸಿದ್ದೇನೆ. ಮೇಲುಗಡೆ ಯಾವ ಬ್ಯಾಚಿಗೆ ಯಾವ ಹೊತ್ತು ಎಂಬ ಪಾಳಿಯ ಪಟ್ಟಿ, ಕೆಳಗಡೆ ‘ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ’ ಎಂಬ ಒಂದು ಸಾಲು, ಅದರ ಕೆಳಗೆ ‘ಲ್ಯಾಬ್ ಉಸ್ತುವಾರಿ’ ಅಂತ ನನ್ನ ಸಹಿ. ಪಟ್ಟಿ ಆಗಾಗ ಬದಲಾಗುತ್ತದೆ. ಚಪ್ಪಲಿಯ ಸಾಲು ಮಾತ್ರ ನಾನು ಈ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿಗೆ ಬಂದಾಗಿನಿಂದ ಹಾಗೇ ಇದೆ. ಕಂಪ್ಯೂಟರಿಗೆ ದೂಳು ಆಗದು, ನನಗೂ ಆಗದು. ಹುಡುಗರು ಬೆನ್ನ ಹಿಂದೆ ನನ್ನನ್ನು ಚಪ್ಪಲಿ ಸಾರ್ ಎನ್ನುತ್ತಾರೆಂದು ಗೊತ್ತು. ಅಂದುಕೊಳ್ಳಲಿ.

ಆ ಬೇಸಿಗೆಯಲ್ಲಿ ಮೂರು ವಾರದ ಒಂದು ಕೋರ್ಸು ನಡೆಯಿತು. ಅಂತರ್ಜಲದ ಅಳತೆಗಳನ್ನು ವೈಜ್ಞಾನಿಕ ತಂತ್ರಾಂಶಕ್ಕೆ ತುಂಬಿ ನಕ್ಷೆ ಮಾಡುವುದನ್ನು ಪದವಿ ವಿದ್ಯಾರ್ಥಿಗಳಿಗೆ ಕಲಿಸುವ ಕೋರ್ಸು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಇಪ್ಪತ್ತು ಮಂದಿ ಬಂದಿದ್ದರು. ಪಾಠ ಮಾಡುವವರು ಭೂವಿಜ್ಞಾನದ ಪ್ರೊಫೆಸರು. ಯಂತ್ರ ಓಡಿಸುವುದು, ಫೈಲು ಕಾಯುವುದು, ಪೆನ್‌ಡ್ರೈವಿನಲ್ಲಿ ಬಂದ ವೈರಸ್ಸು ಓಡಿಸುವುದು ನನ್ನ ಪಾಲು. ನಮ್ಮ ತಂತ್ರಾಂಶದ ಪರವಾನಗಿ ಒಂದೇ ಸಲಕ್ಕೆ ಹತ್ತು ಯಂತ್ರಗಳಿಗೆ ಮಾತ್ರ. ಹನ್ನೊಂದನೆಯವನು ತೆರೆದರೆ ಯಾರಾದರೂ ಒಬ್ಬರ ಕೆಲಸ ಅರ್ಧಕ್ಕೇ ಮುಚ್ಚಿಹೋಗುತ್ತದೆ. ಅದಕ್ಕೇ ಪಾಳಿ: ಹತ್ತು ಜನ ಬೆಳಗ್ಗೆ ಲ್ಯಾಬಿಗೆ, ಉಳಿದ ಹತ್ತು ಜನ ಹಳ್ಳಿಗೆ, ಮುಂದಿನ ವಾರ ಅದಲು ಬದಲು.

ಹಳ್ಳಿ ಎಂದರೆ ಕ್ಯಾತನಹಳ್ಳಿಯ ಆಚೆಗಿರುವ ಒಂದು ಸಣ್ಣ ಊರು. ನಾಲೆ ಕೆಳಗಿಂದ ಹರಿದು ಹೋಗುತ್ತದೆ, ಊರು ದಿಬ್ಬದ ಮೇಲಿದೆ. ಕಬ್ಬಿನ ಗದ್ದೆಗೆ ಅವರವರ ಬೋರ್‌ವೆಲ್ ಇದ್ದವು. ಆದರೆ ಮೇಗಲ ಬೀದಿಯವರಿಗೆ ಕುಡಿಯುವ ನೀರಿರಲಿಲ್ಲ. ಪಂಚಾಯ್ತಿಯವರು ಆ ಬೀದಿಗೆಂದು ಎರಡು ಸಲ ಬೋರ್ ಹಾಕಿಸಿ ಎರಡೂ ಸಲ ಬರೀ ಕಲ್ಲುಪುಡಿ ಕಂಡಿದ್ದರು. ಮೂರನೆಯದಕ್ಕೆ ಮಂಜೂರಾತಿ ಬಂದಿತ್ತು, ಇದು ಕೊನೆಯದು ಎಂದೂ ಹೇಳಿದ್ದರು. ಪಾಯಿಂಟ್ ಎಲ್ಲಿ ಹಾಕಬೇಕೆಂದು ನಮ್ಮ ಪ್ರೊಫೆಸರನ್ನು ಕೇಳಿದರು. ಹುಡುಗರಿಗೆ ಅಭ್ಯಾಸವೂ ಆಯಿತು, ಊರಿಗೆ ಉಪಕಾರವೂ ಆಯಿತು ಎಂದು ಅವರು ಒಪ್ಪಿದರು.

ಮೊದಲ ದಿನ ನಾನೂ ಹೋಗಿದ್ದೆ. ನಮ್ಮನ್ನು ಕರೆದುಕೊಂಡು ತಿರುಗಿದವರು ಊರಿನ ನೀರುಗಂಟಿ. ಅವರ ತಾತ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದವರು. ಈಗ ಕೆರೆಯಿಂದ ನೀರು ಹಂಚುವ ಕೆಲಸವೇ ಇಲ್ಲ. ಹೆಸರು ಮಾತ್ರ ಉಳಿದು, ಅರವತ್ತರ ಹತ್ತಿರದ ಮೊಮ್ಮಗ ಪಂಚಾಯ್ತಿಯ ನಲ್ಲಿ ನೀರು ಬಿಡುತ್ತಿದ್ದರು. ಮೇಗಲ ಬೀದಿಗೆ ಕಾಲಿಡುತ್ತಲೇ ಒಬ್ಬ ಹೆಂಗಸು ಸೊಂಟದ ಮೇಲಿನ ಬಿಂದಿಗೆ ಇಳಿಸದೆಯೇ ನಮ್ಮನ್ನು ವಿಚಾರಿಸಿಕೊಂಡಳು.

“ನೀರು ತೋರುಸ್ತೀವಿ ಅಂತ ಕಾಯಿ ಇಡ್ಕಂಡವರೂ ಬಂದ್ರು, ಕಡ್ಡಿ ಇಡ್ಕಂಡವರೂ ಬಂದ್ರು. ನೀವು ಕಂಪೂಟ್ರು ಇಡ್ಕಂಡು ಬಂದಿದ್ದೀರಿ. ನೋಡವ ಅದೇನ್ ಕಿತ್ತು ಗುಡ್ಡೆ ಆಕ್ತೀರಿ ಅಂತ.”

ನೀರುಗಂಟಿ ತಲೆ ತಗ್ಗಿಸಿಕೊಂಡು ಮುಂದೆ ನಡೆದರು. ಬೀದಿ ದಾಟಿದ ಮೇಲೆ ನನಗೆ ಹೇಳಿದರು: “ದಿನಾ ಇದೇ ಸಾ. ಹೋದೆರಡು ಪಾಯಿಂಟ್ ಆಕೋವಾಗ್ಲೂ ಕಾಯಿ ಒಡ್ದೋನು ನಾನೇ. ಈ ಸಲನೂ ಫೇಲಾದ್ರೆ ನಾನು ಈ ಬೀದೀಲಿ ಮಕ ಎತ್ಕಂಡು ಓಡಾಡಂಗಿಲ್ಲ.”

ಕೆಲಸ ಹೀಗಿತ್ತು. ನೀರು ಸಾಲದೆಂದು ಮೋಟರ್ ಎತ್ತಿಬಿಟ್ಟ ಹಳೆಯ ಕೊಳವೆಬಾವಿಗಳು ಊರಿನ ಸುತ್ತ ಹನ್ನೆರಡಿದ್ದವು. ಅವುಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ದಿನವೂ ಅಳೆಯಬೇಕು. ಓಡುವ ಮೋಟರಿನ ಬಾವಿ ಅಳೆದರೆ ಲೆಕ್ಕ ತಪ್ಪುತ್ತದೆಂದು ಬಿಟ್ಟ ಬಾವಿಗಳನ್ನೇ ಆರಿಸಿದ್ದೆವು. ಅಳೆಯುವ ಸಾಧನವನ್ನು ನಾವೇ ಮಾಡಿಕೊಂಡೆವು. ಎರಡೆಳೆಯ ತಂತಿ, ಒಂದು ಬ್ಯಾಟರಿ, ಒಂದು ಸಣ್ಣ ಬಜರ್. ತಂತಿಯ ತುದಿ ನೀರಿಗೆ ಮುಟ್ಟಿದ ಕೂಡಲೇ ಬಜರ್ ಕೂಗುತ್ತದೆ. ನಾನು ಮಾಡಿದ ತುದಿ ಪೈಪಿನ ಪಕ್ಕದ ಒದ್ದೆಗೇ ಕೂಗಲಾರಂಭಿಸಿತು. ನಾಗಮಂಗಲದಿಂದ ಬಂದಿದ್ದ ಒಬ್ಬ ಹುಡುಗಿ, ಅಕ್ಕಸಾಲಿಗರ ಮನೆಯವಳು, ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಮಾರನೆಯ ದಿನ, ಇಬ್ಬರಿಗೊಂದರಂತೆ ಐದು ತುದಿಗಳನ್ನು ಅಪ್ಪನ ಹತ್ತಿರ ಬೆಸುಗೆ ಹಾಕಿಸಿ ತಂದಳು. ಒಂದೊಂದರ ಸುತ್ತ ಗಂಟೆಯಂಥ ಪುಟ್ಟ ಕವಚ ಇತ್ತು. ಆಮೇಲೆ ಅವು ಒಂದು ದಿನವೂ ಸುಳ್ಳು ಕೂಗಲಿಲ್ಲ.

ಅಳತೆಯ ನಮೂನೆ ತಯಾರಿಸಿದ್ದು ನಾನು. ಬಾವಿಯ ಸಂಖ್ಯೆ, ದಿನಾಂಕ, ಆಳ, ಪೈಪು ನೆಲದಿಂದ ಎಷ್ಟು ಎತ್ತರ. ‘ದಿನವೂ ಸರಿಯಾಗಿ ಬೆಳಗ್ಗೆ ಹತ್ತು ಗಂಟೆಗೆ ಅಳೆಯತಕ್ಕದ್ದು’ ಎಂದು ದಪ್ಪಕ್ಷರದಲ್ಲಿ ಹಾಕಿದ್ದೆ. ಒಬ್ಬ ಒಂಬತ್ತಕ್ಕೆ, ಇನ್ನೊಬ್ಬ ಸಂಜೆ ನಾಲ್ಕಕ್ಕೆ ಅಳೆದರೆ ಅದೆಂಥ ವಿಜ್ಞಾನ? ಇಬ್ಬಿಬ್ಬರಿಗೆ ಅಕ್ಕಪಕ್ಕದ ಎರಡು ಮೂರು ಬಾವಿ ಹಂಚಿ, ಹತ್ತಕ್ಕೆ ಸರಿಯಾಗಿ ಮೊದಲ ತಂತಿ ಇಳಿಸುವ ಹಾಗೆ ಮಾಡಿದೆ. ಆ ಹತ್ತು ಗಂಟೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಎರಡು ವಾರದ ಅಳತೆ ಬಂತು. ತಂತ್ರಾಂಶಕ್ಕೆ ತುಂಬುವಾಗ ಆಗಬೇಕಾದ ಎಡವಟ್ಟುಗಳೆಲ್ಲ ಆದವು. ಶೀಳನೆರೆಯ ಹುಡುಗನೊಬ್ಬ ಅಡಿಯಲ್ಲಿ ಬರೆದಿದ್ದ, ಉಳಿದವರು ಮೀಟರಿನಲ್ಲಿ. ಅವನ ಎರಡು ಬಾವಿಗಳು ನಕ್ಷೆಯಲ್ಲಿ ಪಾತಾಳಕ್ಕೆ ಇಳಿದಿದ್ದವು. ದಿನಾಂಕವನ್ನು ತಂತ್ರಾಂಶ ತಿರುಗಾಮುರುಗಾ ಓದಿ, ಮೇ ತಿಂಗಳ ಒಂದು ವಾರವನ್ನು ವರ್ಷದುದ್ದಕ್ಕೂ ಚೆಲ್ಲಿಬಿಟ್ಟಿತ್ತು. ಒಂದೊಂದಾಗಿ ಸರಿಮಾಡಿದೆವು. ಅಳೆದ ಹನ್ನೆರಡು ಬಾವಿಗಳ ನಡುವಿನ ಖಾಲಿ ಜಾಗವನ್ನು ತಂತ್ರಾಂಶ ತಾನೇ ಅಂದಾಜು ಮಾಡಿ ಬಣ್ಣ ತುಂಬುತ್ತದೆ. ನೀರು ಮೇಲಿದ್ದಲ್ಲಿ ನೀಲಿ, ಕೆಳಗಿದ್ದಲ್ಲಿ ಹಳದಿ.

ದಿನದಿನದ ನಕ್ಷೆಗಳನ್ನು ಒಂದರ ಹಿಂದೆ ಒಂದು ಓಡಿಸಿದಾಗ ಲ್ಯಾಬಿನಲ್ಲಿದ್ದವರೆಲ್ಲ ಎದ್ದು ನಿಂತರು. ಮೊದಲ ವಾರ ಊರಿನ ಪಶ್ಚಿಮಕ್ಕೆ ನೀಲಿ, ಪೂರ್ವಕ್ಕೆ ಹಳದಿ. ಎರಡನೆಯ ವಾರ ನೀಲಿ ಊರನ್ನು ದಾಟಿ ಪೂರ್ವಕ್ಕೆ ಹೋಗಿತ್ತು. ನೆಲದಡಿಯಲ್ಲಿ ನೀರು ಈ ಕಡೆಯಿಂದ ಆ ಕಡೆಗೆ ನಡೆದು ಹೋದದ್ದು ಕಣ್ಣಿಗೆ ಕಾಣುತ್ತಿತ್ತು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಬಂಡೆಯಲ್ಲಿ ದೊಡ್ಡ ಬಿರುಕಿದೆ, ನೀರು ದಾಟುವ ದಾರಿಯ ಮೇಲೆಯೇ ಪಾಯಿಂಟ್ ಹಾಕಬೇಕು ಎಂದರು. ಆ ದಾರಿ ಮೇಗಲ ಬೀದಿಯ ಹಿಂದಿನ ಕಣದ ಮೇಲೆ ಹಾಯುತ್ತಿತ್ತು. ಬುಧವಾರ ಪಂಚಾಯ್ತಿಯವರು ಅಲ್ಲೊಂದು ಕಲ್ಲು ನೆಟ್ಟು ಕೆಂಪು ಬಣ್ಣ ಬಳಿದರು. ಬೋರ್ ಲಾರಿ ಸೋಮವಾರಕ್ಕೆ ಎಂದು ಗೊತ್ತಾಯಿತು.

ನಾಗಮಂಗಲದ ಹುಡುಗಿ ಮಾತ್ರ ಕುಣಿಯಲಿಲ್ಲ. ಅವಳು ನಕ್ಷೆ ಬಿಟ್ಟು ಬರೀ ಅಂಕಿಗಳ ಗ್ರಾಫ್ ಹಾಕಿಕೊಂಡು ಕೂತಿದ್ದಳು.

“ಸಾರ್, ಇದು ಸರ್ಯಾಗಿ ಸೋಮವಾರಕ್ಕೇ ಯಾಕೆ ತಿರುಗ್ತದೆ?”

“ಯಾವುದಮ್ಮ?”

“ನೀರು. ಭಾನುವಾರದ ತಂಕ ಒಂದ್ ತರ ಐತೆ, ಸೋಮವಾರ ಇನ್ನೊಂದ್ ತರ. ನೀರಿಗೆ ವಾರ ಗೊತ್ತಾಯ್ತದಾ ಸಾರ್?”

ನಾನು ಬ್ಯಾಚ್ ಬದಲಾದದ್ದಕ್ಕೆ ಹೀಗಾಗಿರಬೇಕು ಎಂದೆ. ಎರಡನೆಯ ಬ್ಯಾಚಿನವರು ಪೈಪಿನ ಎತ್ತರ ಕಳೆಯದೆ ಬರೆದಿರುತ್ತಾರೆ. ಅವಳು, ಹಾಗಾಗಿದ್ದರೆ ಹನ್ನೆರಡೂ ಬಾವಿಗಳು ಒಂದೇ ಕಡೆಗೆ ಸರಿಯಬೇಕಿತ್ತು, ಇಲ್ಲಿ ಅರ್ಧ ಏರಿವೆ ಅರ್ಧ ಇಳಿದಿವೆ ಎಂದಳು. ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ನನಗೆ ಸಿಟ್ಟು ಬಂತು. ಪ್ರೊಫೆಸರಿಗೆ ಕಾಣದ್ದು ನಿನಗೆ ಕಂಡಿತೇ, ಕೊಟ್ಟ ಕೆಲಸ ಮಾಡಮ್ಮ ಎಂದು ಗದರಿದೆ. ಗುಲಗಂಜಿ ಲೆಕ್ಕದಲ್ಲಿ ಚಿನ್ನ ತೂಗುವ ಮನೆಯಲ್ಲಿ ಬೆಳೆದವಳು, ಕೊಟ್ಟ ಕೆಲಸಕ್ಕೆ ಕೈ ಹಾಕಿದಳು. ಆದರೆ ಗ್ರಾಫ್ ಮುಚ್ಚಲಿಲ್ಲ.

ಗುರುವಾರ ಮಧ್ಯಾಹ್ನ, ಮುಂದಿನ ವಾರ ಬರಲಿದ್ದ ಇನ್ನೊಂದು ತಂಡಕ್ಕೆ ನಾನು ಬೋರ್ಡಿನ ಮೇಲೆ ಪಾಳಿ ಬರೆಯುತ್ತಿದ್ದೆ. ಮೊದಲ ವಾರ, ಒಂದನೇ ಬ್ಯಾಚಿಗೆ ಬೆಳಗ್ಗೆ, ಎರಡನೇ ಬ್ಯಾಚಿಗೆ ಮಧ್ಯಾಹ್ನ. ಎರಡನೇ ವಾರ, ಸೋಮವಾರದಿಂದ, ಅದಲು ಬದಲು. ಬರೆದು ಮುಗಿಸಿ ಹಿಂದೆ ಸರಿದೆ. ಬೋರ್ಡಿನ ಪಕ್ಕದ ಯಂತ್ರದಲ್ಲೇ ಆ ಹುಡುಗಿಯ ಗ್ರಾಫ್ ತೆರೆದಿತ್ತು. ಎರಡೂ ಒಂದೇ.

ನಮ್ಮ ಪಾಲಹಳ್ಳಿಯ ಮನೆಯ ಗೋಡೆಗೆ, ಅಣ್ಣನ ಕೈಬರಹದಲ್ಲಿ, ಇಂಥದೇ ಒಂದು ಚೀಟಿ ಅಂಟಿಕೊಂಡಿದೆ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಎಲ್ಲರಿಗೂ ಒಟ್ಟಿಗೆ ಬರುವುದಿಲ್ಲ. ಒಂದು ಲೈನಿಗೆ ಒಂದು ವಾರ ಬೆಳಗ್ಗೆ ಕೊಟ್ಟರೆ ಇನ್ನೊಂದು ಲೈನಿಗೆ ರಾತ್ರಿ. ಸೋಮವಾರ ಬಂತೆಂದರೆ ಅದಲು ಬದಲು. ಎಲ್ಲರೂ ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿರುತ್ತಾರೆ, ಕರೆಂಟು ಬಂದ ಕೂಡಲೇ ಮೋಟರ್ ತಾನೇ ಓಡುತ್ತದೆ. ಬೆಳಗ್ಗೆ ಹತ್ತು ಗಂಟೆಗೆ ಬೆಳಗಿನ ಪಾಳಿಯ ಕಡೆ ಮೋಟರುಗಳೆಲ್ಲ ನೀರು ಎಳೆಯುತ್ತಿರುತ್ತವೆ, ಅಕ್ಕಪಕ್ಕದ ಬಿಟ್ಟ ಬಾವಿಗಳ ನೀರೂ ಇಳಿದಿರುತ್ತದೆ. ಇನ್ನೊಂದು ಕಡೆ ಮೋಟರ್ ಮಲಗಿರುತ್ತದೆ, ನೀರು ಏರಿರುತ್ತದೆ. ನಮ್ಮ ನಕ್ಷೆಯಲ್ಲಿ ಊರು ದಾಟಿ ನಡೆದದ್ದು ನೀರಲ್ಲ, ಕರೆಂಟಿನ ಪಾಳಿ.

ನೀರುಗಂಟಿಗೆ ಫೋನ್ ಮಾಡಿ, ನಾವು ಅಳೆಯಲು ಬಂದ ಮೊದಲ ವಾರ ಬೆಳಗಿನ ಕರೆಂಟು ಯಾವ ಕಡೆಗಿತ್ತು ಎಂದು ಕೇಳಿದೆ.

“ಕೆರೆ ಕಡೀಕೆ ಸಾ, ಮೂಡ್ಲಾಗೆ. ಆಮ್ಯಾಕೆ ಪಡುವಲ ಗುಡ್ಡದ ಕಡೀಕೆ ಬಂತು. ಯಾಕ್ ಸಾ?”

ಗ್ರಾಫ್ ಕೂಡ ಹಾಗೇ ಹೇಳುತ್ತಿತ್ತು. ಇಪ್ಪತ್ತು ಮಂದಿಯಲ್ಲಿ ಹದಿನೈದು ಮಂದಿಯ ಮನೆಯಲ್ಲಿ ಪಂಪ್‌ಸೆಟ್ ಇತ್ತು. ಎಲ್ಲರೂ ತಂತಿ ಇಳಿಸುವಾಗ ಪಕ್ಕದ ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿದ್ದರು, ಅದರಲ್ಲೇ ಮುಖ ತೊಳೆದಿದ್ದರು. ಹುಟ್ಟಿದಾಗಿನಿಂದ ಕೇಳಿದ ಸದ್ದು, ಬರೆದುಕೊಳ್ಳುವ ಸಂಗತಿ ಎಂದು ಯಾರಿಗೂ ಅನ್ನಿಸಲಿಲ್ಲ. ಬೆಂಗಳೂರಿನವನೊಬ್ಬ ಇದ್ದಿದ್ದರೆ ಕೇಳುತ್ತಿದ್ದನೋ ಏನೋ. ನನ್ನ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಹತ್ತು ಗಂಟೆಯ ಶಿಸ್ತೇ ನಮ್ಮನ್ನು ಹಳ್ಳಕ್ಕೆ ತಳ್ಳಿತ್ತು.

ಹೇಳದೆ ಇರಬಹುದಿತ್ತು ಎಂಬುದನ್ನು ಬಚ್ಚಿಡುವುದಿಲ್ಲ. ಕಲ್ಲು ನೆಟ್ಟಾಗಿದೆ, ನೀರು ಬಂದರೆ ಬಂತು, ಬರದಿದ್ದರೆ ಬೋರ್‌ವೆಲ್ ಎಂದರೆ ಹಾಗೇ ಅಲ್ಲವೇ ಎಂದು ಕಾಲು ಗಂಟೆ ಯೋಚಿಸಿದೆ. ಆಮೇಲೆ ಬಿಂದಿಗೆ ಇಳಿಸದ ಆ ಹೆಂಗಸಿನ ನೆನಪಾಯಿತು. ಹುಡುಗಿಯನ್ನು ಕರೆದು, ನೀನು ಕೇಳಿದ್ದು ಸರಿ, ನಾನು ಗದರಿದ್ದು ತಪ್ಪು ಎಂದೆ. ಇಬ್ಬರೂ ಪ್ರೊಫೆಸರ ಕೋಣೆಗೆ ಹೋದೆವು.

ಅವರು ಗ್ರಾಫನ್ನೂ ಬೋರ್ಡಿನ ಫೋಟೋವನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. “ನಿಮ್ಮ ಹತ್ತು ಗಂಟೆಗೆ ಸಹಿ ಹಾಕಿದವನು ನಾನೇ ಅಲ್ಲವೇನ್ರೀ” ಎಂದರು. ಪಂಚಾಯ್ತಿಗೆ ಅವರೇ ಫೋನ್ ಮಾಡಿ ಕಲ್ಲು ಕೀಳಿಸಲು ಹೇಳಿದರು. ಲಾರಿ ಮುಂದೂಡಲು ಆಗುವುದಿಲ್ಲ, ಬಿಟ್ಟರೆ ಮತ್ತೆ ಮಳೆಗಾಲ ಕಳೆದ ಮೇಲೆಯೇ ಎಂದು ಆ ಕಡೆಯಿಂದ ಉತ್ತರ ಬಂತು. ಸೋಮವಾರ ಬೆಳಗ್ಗೆಯೊಳಗೆ ಹೊಸ ಪಾಯಿಂಟ್ ಕೊಡಬೇಕು.

ಇದ್ದ ದಾರಿ ಒಂದೇ. ಊರಿನ ಮೋಟರುಗಳನ್ನೆಲ್ಲ ಒಂದು ದಿನ ನಿಲ್ಲಿಸಿ, ನೀರು ತನ್ನ ಮಟ್ಟಕ್ಕೆ ಬಂದ ಮೇಲೆ ಅಳೆಯಬೇಕು. ಶುಕ್ರವಾರ ಊರಿಗೆ ಹೋಗಿ ನೀರುಗಂಟಿಗೆ ಹೇಳಿದೆ.

“ಒಂದಿನ ಪೂರ್ತಿನಾ ಸಾ? ಈ ಬಿಸ್ಲಲ್ಲಿ? ಕಬ್ಬಿನೋರು ನನ್ನ ಸಿಗ್ದು ತೋರಣ ಕಟ್ತಾರೆ.” ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. “ಆಯ್ತು ಬುಡಿ. ನಮ್ ತಾತ ತೂಬು ಮುಚ್ಚುದ್ರೆ ಯಾಕೆ ಅಂತ ಒಬ್ರೂ ಕೇಳ್ತಿರ್ನಿಲ್ವಂತೆ. ನಾನೂ ಒಂದ್ ಕಿತ ಮುಚ್ಚಿ ನೋಡ್ತೀನಿ.”

ಸಂಜೆಯೊಳಗೆ ಅವರು ಮನೆಮನೆಗೆ ಹೋಗಿ ಬಂದರು. ಏನು ಹೇಳಿದರೋ ನನಗೆ ಗೊತ್ತಿಲ್ಲ. ಎಲ್ಲರೂ ಆಟೋ ತೆಗೆಯಲು ಒಪ್ಪಿದರು ಎಂದರು. ಶನಿವಾರ ಬೆಳಗ್ಗೆ ಆರಕ್ಕೇ ಹುಡುಗರು ಬಾವಿಗಳ ಹತ್ತಿರ ನಿಂತರು. ಗಂಟೆಗೊಂದು ಅಳತೆ. ಈ ಸಲ ನಮೂನೆಯಲ್ಲಿ ‘ಸುತ್ತ ಮೋಟರ್ ಓಡುತ್ತಿದೆಯೇ’ ಎಂಬ ಕಾಲಂ ಇತ್ತು. ಅಂಕಿಗಳು ಫೋನಿನಲ್ಲಿ ಬರುತ್ತಿದ್ದವು. ಶಾಲೆಯ ಜಗಲಿಯ ಮೇಲೆ ಕೂತು ಹುಡುಗಿ ಲ್ಯಾಪ್‌ಟಾಪಿಗೆ ತುಂಬುತ್ತಿದ್ದಳು. ಎಲ್ಲ ಬಾವಿಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ನೀಲಿಯೂ ಇಲ್ಲ, ಹಳದಿಯೂ ಇಲ್ಲ. ಹೀಗಾದರೆ ಪಾಯಿಂಟ್ ಎಲ್ಲಿ ಹಾಕುವುದೆಂದು ನಾನು ತಲೆಯ ಮೇಲೆ ಕೈ ಹೊತ್ತುಕೊಂಡೆ.

ಒಂಬತ್ತು ಗಂಟೆಗೆ ಅವಳು ಕರೆದಳು. “ಸಾರ್, ಮೂರು ಬಾವಿ ಇಳೀತಾ ಅವೆ. ನಾಕು, ಏಳು, ಒಂಬತ್ತು. ಮಿಕ್ಕವು ಕದಲಿಲ್ಲ.”

ಆ ವಾರ ಬೆಳಗಿನ ಕರೆಂಟು ಮತ್ತೆ ಕೆರೆಯ ಕಡೆಗಿತ್ತು, ಅಲ್ಲಿಯ ಹುಡುಗರ ಹೊಸ ಕಾಲಮಿನಲ್ಲಿ ‘ಹೌದು’ ಎಂದು ಬಂದಿತ್ತು. ನೀರುಗಂಟಿ ಎದ್ದು ಆ ಕಡೆ ಹೋದರು, ಹಿಂದೆ ನಾವಿಬ್ಬರು. ಕಬ್ಬಿನ ಸಾಲಿನಲ್ಲಿ ನೀರು ಹರಿಯುತ್ತಿತ್ತು. ಬದುವಿನ ಮೇಲೆ ಅವರದೇ ವಯಸ್ಸಿನ ಯಜಮಾನರೊಬ್ಬರು ಗುದ್ದಲಿ ಹಿಡಿದು ನಿಂತಿದ್ದರು.

“ಏನ್ಲಾ, ನಿನ್ನೆ ತಲೆ ಆಡ್ಸಿ ಇವತ್ತು ನೀರು ಕಟ್ತಾ ಇದ್ದೀಯಲ್ಲ, ಮೇಗಲ ಬೀದಿ ಹೆಣ್ಮಕ್ಳ ಮಕ ನೋಡ್ಬೇಕಲ್ವಾ ನೀನು?” ನೀರುಗಂಟಿ ದೂರದಿಂದಲೇ ಕೂಗಿದರು.

“ಕೂಳೆ ಕಬ್ಬು ಕಣ್ಲಾ, ಕೊಯ್ದ ಬುಡದಿಂದ ಈಗ ಚಿಗುರ್ತಾ ಅದೆ, ಒಂದಿನ ಬುಟ್ರೆ ಮುರುಟ್ಕತದೆ. ಒಬ್ಬನ್ ಮೋಟ್ರಿಂದ ಏನಾದದು ಅಂದ್ಕಂಡೆ.” ಯಜಮಾನರು ಸ್ಟಾರ್ಟರಿನ ಕಡೆಗೆ ಹೆಜ್ಜೆ ಹಾಕಿದರು.

“ತಾತ, ಆಫ್ ಮಾಡ್ಬೇಡಿ” ಎಂದಳು ಹುಡುಗಿ.

ನಾವು ಮೂವರೂ ಅವಳನ್ನೇ ನೋಡಿದೆವು. ಅವಳು ಲ್ಯಾಪ್‌ಟಾಪನ್ನು ಬದುವಿನ ಮೇಲೆ ಇಟ್ಟು ತೋರಿಸಿದಳು. ಊರೆಲ್ಲ ನಿಂತಿದೆ, ಇದೊಂದೇ ಮೋಟರ್ ಓಡುತ್ತಿದೆ. ಇದಕ್ಕೆ ತೀರ ಹತ್ತಿರವಿರುವ ಎರಡು ಬಾವಿಗಳು ಅಲ್ಲಾಡಿಲ್ಲ. ದೂರದ ಮೂರು ಇಳಿಯುತ್ತಿವೆ, ಆ ಮೂರೂ ಒಂದೇ ಗೆರೆಯ ಮೇಲಿವೆ. ಬಂಡೆಯ ಬಿರುಕು ಈ ಮೋಟರಿನಿಂದ ಆ ಗೆರೆಯಲ್ಲೇ ಹೋಗಿರಬೇಕು.

ಹತ್ತಕ್ಕೆ ಮೋಟರ್ ನಿಲ್ಲಿಸಿದೆವು. ಹನ್ನೆರಡರ ಹೊತ್ತಿಗೆ ಮೂರೂ ಬಾವಿಗಳು ಏರಿದವು. ಮತ್ತೆ ಹಾಕಿಸಿದೆವು, ಒಂದು ಗಂಟೆಗೆ ಕರೆಂಟು ಹೋಗುವಷ್ಟರಲ್ಲಿ ಮತ್ತೆ ಇಳಿದವು. ಯಜಮಾನರು ಸ್ಟಾರ್ಟರ್ ಬಿಟ್ಟು ಕದಲಲಿಲ್ಲ. “ಈಗ ಆಕ್ಲಾ ಮಗ? ಈಗ ತೆಗೀಲಾ?” ಎಂದು ಅವಳನ್ನು ಕೇಳಿ ಕೇಳಿ ಗುಂಡಿ ಒತ್ತುತ್ತಿದ್ದರು. ಎಲ್ಲರೂ ಮಾತಿಗೆ ತಪ್ಪದೆ ಇದ್ದಿದ್ದರೆ ನಮ್ಮ ಕೈಗೆ ಸಿಗುತ್ತಿದ್ದದ್ದು ಒಂದು ಬೋಳು ನಕ್ಷೆ ಮಾತ್ರ.

ಭಾನುವಾರ ಲ್ಯಾಬು ತೆಗೆದು ಗೆರೆ ಎಳೆದೆವು. ಅದು ಕಣದ ಮೇಲೆ ಹಾಯಲಿಲ್ಲ, ಮೇಗಲ ಬೀದಿಯ ಕೊನೆಯ ಮನೆಯ ಪಕ್ಕ, ಹುಣಸೆಮರದ ಬುಡದಲ್ಲಿ ಹಾದುಹೋಯಿತು. ಪ್ರೊಫೆಸರು ಅಂಕಿಗಳನ್ನೆಲ್ಲ ಮತ್ತೊಮ್ಮೆ ತಾವೇ ಕೂಡಿ ನೋಡಿ, ಹುಡುಗಿಯ ಕೈಯಲ್ಲೇ ನಕ್ಷೆಯ ಮೇಲೆ ಗುರುತು ಹಾಕಿಸಿದರು.

ಸೋಮವಾರ ನನಗೆ ಊರಿಗೆ ಹೋಗಲಾಗಲಿಲ್ಲ, ಹೊಸ ತಂಡ ಬಂದಿತ್ತು. ಯಾರು ಏನು ಕೇಳಿದರೋ, ನಾನು ಏನು ಹೇಳಿದೆನೋ. ಮಧ್ಯಾಹ್ನ ಮೂರರ ಸುಮಾರಿಗೆ ಫೋನ್ ಬಂತು. ಆ ಕಡೆ ಲಾರಿಯ ಅಬ್ಬರದಲ್ಲಿ ಏನೂ ಕೇಳಿಸಲಿಲ್ಲ. ಆಮೇಲೆ ಅದು ನಿಂತಿತು.

“ಎರಡೂವರೆ ಇಂಚು ನೀರು ಸಾ” ಎಂದರು ನೀರುಗಂಟಿ. ನಾನು ಲ್ಯಾಬಿನಿಂದ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ಕಣ್ಣೊರೆಸಿಕೊಂಡೆ.

ಎರಡು ದಿನ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು. ಹೊಸ ಬೋರೂ ಕಬ್ಬಿನ ಯಜಮಾನರ ಮೋಟರೂ ಒಂದೇ ಬಿರುಕಿನ ನೀರು ಎಳೆಯಬೇಕು. ಒಟ್ಟಿಗೆ ಓಡಿದರೆ ಇಬ್ಬರಿಗೂ ಸಾಲದು. ಯಜಮಾನರು ಆಟೋ ಕಿತ್ತು ಪಾಳಿಗೆ ಒಪ್ಪಿದ್ದರು. ಯಾವ ವಾರ ಯಾರಿಗೆ ಯಾವ ಹೊತ್ತು ಎಂದು ಹುಡುಗರು ಹೇಳುತ್ತಿದ್ದರಲ್ಲ, ನಿಮ್ಮ ಬಾಗಿಲಲ್ಲಿ ಇರುವಂಥದೇ ಒಂದು ಹಾಳೆ ಮಾಡಿ ಕಳಿಸಿ ಎಂದರು. ಲ್ಯಾಬಿನ ಹಾಳೆಯ ಫೈಲನ್ನೇ ತೆರೆದು, ಹೆಸರು ಹೊತ್ತು ಬದಲಾಯಿಸಿ, ಪ್ಲಾಸ್ಟಿಕ್ ಹಾಕಿಸಿ ಬಸ್ಸಿನಲ್ಲಿ ಕಳಿಸಿದೆ.

ಮಳೆ ಶುರುವಾದ ಮೇಲೆ ಒಂದು ಭಾನುವಾರ ಆ ಕಡೆ ಹೋಗಿದ್ದೆ. ಹುಣಸೆಮರದ ಕೆಳಗೆ ಪುಟ್ಟ ಪಂಪ್ ಮನೆ, ನಾಲ್ಕು ನಲ್ಲಿ, ಸಿಮೆಂಟ್ ಕಟ್ಟೆ. ಹೆಂಗಸರು ನೀರು ಹಿಡಿಯುತ್ತಿದ್ದರು. ಎಲ್ಲರೂ ಬರಿಗಾಲಲ್ಲಿದ್ದರು. ಕಟ್ಟೆಯ ಆಚೆ, ಮಣ್ಣಿನ ಮೇಲೆ, ಚಪ್ಪಲಿಗಳು ಸಾಲಾಗಿ ಇದ್ದವು. ಏಕೆಂದು ತಿಳಿಯದೆ ಗೋಡೆಯ ಕಡೆ ನೋಡಿದೆ. ನನ್ನ ಹಾಳೆ ಅಂಟಿಸಿದ್ದರು. ಮೇಲೆ ಪಾಳಿ, ಕೆಳಗೆ ನಾನು ಅಳಿಸಲು ಮರೆತ ಸಾಲು: ‘ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ. ಲ್ಯಾಬ್ ಉಸ್ತುವಾರಿ.’

ನಾಚಿಕೆಯಾಗಿ, ಇದು ತಪ್ಪಾಗಿ ಉಳಿದಿದೆ, ಬೇರೆ ಹಾಳೆ ಕಳಿಸುತ್ತೇನೆ ಎಂದು ಕೈ ಹಾಕಿದೆ.

“ಇರ್ಲಿ ಬುಡಿ ಸಾ” ಎಂದು ನೀರುಗಂಟಿ ತಡೆದರು. “ಮೂರ್ನೇ ಕಿತಕ್ಕೆ ಬಂದಿರೋ ನೀರು.”

ಬಿಂದಿಗೆಯ ಹೆಂಗಸು ನಲ್ಲಿಯ ಹತ್ತಿರದಿಂದ ತಿರುಗಿ ನನ್ನ ಕಾಲನ್ನೇ ನೋಡುತ್ತಿದ್ದಳು. ನಾನು ಹಿಂದಕ್ಕೆ ಹೋಗಿ, ಸಾಲಿನ ಕೊನೆಯಲ್ಲಿ ನನ್ನ ಚಪ್ಪಲಿ ಬಿಟ್ಟು ಬಂದೆ.